ಗೆಲಕ್ಸಿಗಳ ವಯೋಧರ್ಮ

ಆಕಾಶವನ್ನು ನೋಡುವವನು ಒಂದೇ ನೋಟದಲ್ಲಿ ಅನೇಕ ಕಾಲಗಳನ್ನು ಕಾಣುತ್ತಾನೆಂಬುದು ಖಗೋಳವಿಜ್ಞಾನದ ಮೊದಲ ಪಾಠಗಳಲ್ಲಿ ಒಂದು. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಿಂದ ಧಾವಿಸುವುದಾದರೂ ವಿಶ್ವದ ವೈಶಾಲ್ಯದ ಮುಂದೆ ಆ ವೇಗವೂ ಮಂದಗಮನವೇ ಆದುದರಿಂದ, ನಮಗೆ ನೆರೆಯದೆನಿಸಿದ ಆಂಡ್ರೊಮಿಡ ಗೆಲಕ್ಸಿಯಿಂದ ಈ ರಾತ್ರಿ ನಮ್ಮ ಕಣ್ಣನ್ನು ಸೇರುವ ಕಿರಣ ಅಲ್ಲಿಂದ ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ಅದಕ್ಕೂ ಬಹುದೂರದ ಗೆಲಕ್ಸಿಗಳ ಕಿರಣಗಳು ಹೊರಟಾಗ ಭೂಮಿಯೇ ಹುಟ್ಟಿರಲಿಲ್ಲ. ಈ ಮಾತನ್ನು ಒಪ್ಪಿದವರು ಇದರ ಬೆನ್ನಿಗೇ ಬರುವ ಮತ್ತೊಂದು ಮಾತನ್ನೂ ಒಪ್ಪಲೇಬೇಕು. 500 ಕೋಟಿ ವರ್ಷಗಳ ಹಿಂದೆ ಹೊರಟ ಬೆಳಕಿನಲ್ಲಿ ನಮಗೆ ಕಾಣುವ ಗೆಲಕ್ಸಿ ಇಂದಿಗಿಂತ ಅಷ್ಟು ವರ್ಷ ಕಿರಿಯದು. ಕಿರಿತನಕ್ಕೂ ಹಿರಿತನಕ್ಕೂ ನಡುವೆ ಅದರ ಕಾಂತಿಯಲ್ಲಿ, ವರ್ಣದಲ್ಲಿ, ದ್ರವ್ಯದ ಸಂಯೋಜನೆಯಲ್ಲಿ ಯಾವ ವ್ಯತ್ಯಾಸವೂ ಆಗಿಲ್ಲವೆ? ಆಗಿದ್ದರೆ ಎಷ್ಟು? 20ನೆಯ ಶತಮಾನದ ಮಧ್ಯಭಾಗ ಕಳೆಯುವ ತನಕವೂ ಬಹುಮಟ್ಟಿಗೆ ಬದಿಗಿರಿಸಲ್ಪಟ್ಟಿದ್ದ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಅದಕ್ಕೆ ಲೆಕ್ಕದ ಮೂಲಕ ಉತ್ತರ ಹೇಳಬಹುದೆಂದು ತೋರಿಸಿ, ಕೇವಲ ಹದಿನಾಲ್ಕು ಹದಿನೈದು ವರ್ಷಗಳ ಸಂಶೋಧನಾ ಜೀವನದಲ್ಲಿ ಒಂದು ಶಾಸ್ತ್ರಶಾಖೆಗೇ ಅಸ್ತಿಭಾರ ಹಾಕಿದವರು ಬಿಯಾಟ್ರಿಸ್ ಟಿನ್ಸ್‌ಲಿ ಎಂಬ ಖಗೋಳವಿಜ್ಞಾನಿ. ಈ ಅಧ್ಯಾಯ ಅವರ ಕಾರ್ಯವನ್ನು ಕುರಿತದ್ದು.

ಅವರ ಕಾರ್ಯದ ಬೆಲೆಯನ್ನು ತಿಳಿಯಬೇಕಾದರೆ ಆಗ ಖಗೋಳವಿಜ್ಞಾನಿಗಳ ಮನಸ್ಸು ಯಾವುದರಲ್ಲಿ ನೆಟ್ಟಿತ್ತೆಂಬುದನ್ನು ಮೊದಲು ನೋಡಬೇಕು. ಗೆಲಕ್ಸಿಗಳು ಪರಸ್ಪರ ದೂರ ಸರಿಯುತ್ತಿವೆ, ದೂರ ಹೆಚ್ಚಿದಷ್ಟೂ ಸರಿಯುವ ವೇಗವೂ ಹೆಚ್ಚು ಎಂಬ ನಿಯಮವನ್ನು ಎಡ್ವಿನ್ ಹಬಲ್ 1929ರಲ್ಲಿ ಪ್ರಕಟಿಸಿದ್ದರು. ವಿಶ್ವ ಹಿಗ್ಗುತ್ತಿದೆಯೆಂಬುದು ಹೀಗೆ ನಿಶ್ಚಯವಾದ ಮೇಲೆ, ಈ ಹಿಗ್ಗುವಿಕೆ ಕೊನೆಯಿಲ್ಲದೆ ನಡೆಯುವುದೋ, ಅಥವಾ ದ್ರವ್ಯದ ಗುರುತ್ವಾಕರ್ಷಣೆಯಿಂದ ಕ್ರಮೇಣ ಕುಗ್ಗಿ, ನಿಂತು, ವಿಶ್ವವೆಲ್ಲ ಮತ್ತೆ ತನ್ನೊಳಗೇ ಕುಸಿಯುವುದೋ ಎಂಬ ಕುತೂಹಲ ಸಹಜವಾಗಿಯೇ ಹುಟ್ಟಿತು. ಕ್ಯಾಲಿಫೋರ್ನಿಯದ ಪಲೋಮಾರ್ ಪರ್ವತದ ಮೇಲೆ 1948ರಲ್ಲಿ ಪ್ರತಿಷ್ಠಿತವಾದ 200 ಅಂಗುಲ ವ್ಯಾಸದ ದರ್ಪಣವುಳ್ಳ ಮಹಾದೂರದರ್ಶಕ ಈ ಪ್ರಶ್ನೆಯನ್ನು ತೀರ್ಮಾನಿಸೀತೆಂದು ಎಲ್ಲರೂ ನಂಬಿದ್ದರು. 1953ರಲ್ಲಿ ಹಬಲ್ ತೀರಿಕೊಂಡ ಬಳಿಕ ಅವರ ಸಹಾಯಕರಾಗಿದ್ದ ಆಲನ್ ಸ್ಯಾಂಡೇಜ್ ಆ ಹೊಣೆಯನ್ನು ಹೊತ್ತು, ವರ್ಷಗಟ್ಟಲೆ ರಾತ್ರಿಗಳನ್ನು ಆ ದೂರದರ್ಶಕದ ಬಳಿ ಕಳೆದರು. ವಿಶ್ವವಿಜ್ಞಾನವೆಂದರೆ ಎರಡು ಸಂಖ್ಯೆಗಳ ಅನ್ವೇಷಣೆ ಎಂದು ಅವರು 1970ರಲ್ಲಿ ನಿರೂಪಿಸಿದರು: ಒಂದು, ಹಿಗ್ಗುವಿಕೆಯ ಇಂದಿನ ದರ, ಇನ್ನೊಂದು, ಆ ದರ ಕುಂದುತ್ತಿರುವ ಪರಿಮಾಣ.

ಎರಡನೆಯ ಸಂಖ್ಯೆಯನ್ನು ಹಿಡಿಯಲು ಅವರು ಆರಿಸಿಕೊಂಡ ಉಪಾಯ ಹೀಗಿತ್ತು. ಗೆಲಕ್ಸಿಗಳು ಗುಂಪುಗುಂಪಾಗಿ ನೆಲೆಸಿರುತ್ತವಷ್ಟೆ. ಒಂದೊಂದು ಗುಂಪಿನಲ್ಲಿಯೂ ಅತ್ಯಂತ ಉಜ್ಜ್ವಲವಾದ ಗೆಲಕ್ಸಿ, ಸಾಮಾನ್ಯವಾಗಿ ಅಂಡಾಕಾರದ ದೈತ್ಯ, ಎಲ್ಲ ಗುಂಪುಗಳಲ್ಲಿಯೂ ಹೆಚ್ಚು ಕಡಿಮೆ ಸಮಾನ ಕಾಂತಿಯುಳ್ಳದ್ದೆಂದು ಕಂಡುಬಂದಿತ್ತು. ಅದು ನಮಗೆ ಎಷ್ಟು ಮಸುಕಾಗಿ ತೋರುವುದೆಂಬುದರಿಂದ ದೂರವನ್ನೂ, ಅದರ ರೋಹಿತದ ಕೆಂಪುಪಲ್ಲಟದಿಂದ ಸರಿಯುವ ವೇಗವನ್ನೂ ಅಳೆದು, ಎರಡನ್ನೂ ಒಂದು ನಕ್ಷೆಯಲ್ಲಿ ಗುರುತಿಸಿದರೆ, ರೇಖೆ ಬಾಗುವ ರೀತಿಯಿಂದ ವಿಶ್ವದ ಭವಿಷ್ಯ ಹೊರಬೀಳಬೇಕು. ಉಪಾಯ ಸರಳವೂ ಸುಂದರವೂ ಆಗಿತ್ತು. ಆದರೆ ರಾತ್ರಿಯ ಹೊತ್ತು ಹೊಲದ ದಾರಿಯಲ್ಲಿ ಬರುವವನು ದೂರದ ಊರುಗಳ ದೀಪಗಳ ಪ್ರಕಾಶವನ್ನು ನೋಡಿ ಅವುಗಳ ದೂರವನ್ನು ಊಹಿಸಬಲ್ಲನಾದರೂ, ಎಲ್ಲ ಹಣತೆಗಳಲ್ಲಿಯೂ ಎಣ್ಣೆ ಒಂದೇ ಸಮ, ಬತ್ತಿ ಒಂದೇ ಸಮ ಎಂಬ ನಂಬಿಕೆ ದಿಟವಾಗಿರುವಷ್ಟು ಮಟ್ಟಿಗೆ ಮಾತ್ರ ಆ ಊಹೆ ದಿಟ. ಪಲೋಮಾರಿನ ದೂರದ ಗೆಲಕ್ಸಿಗಳು ಹತ್ತಿರದವುಗಳಿಗಿಂತ ನೂರಾರು ಕೋಟಿ ವರ್ಷ ಎಳೆಯವು. ಎಳೆಯ ಗೆಲಕ್ಸಿ ಹಳೆಯದಕ್ಕಿಂತ ಹೆಚ್ಚು ಕಾಂತಿಯುಳ್ಳದ್ದಾಗಿದ್ದ ಪಕ್ಷದಲ್ಲಿ ಅದು ಇರುವುದಕ್ಕಿಂತ ಸಮೀಪದಲ್ಲಿದ್ದಂತೆ ನಮಗೆ ತೋರುತ್ತದೆ. ಹಾಗೆ ತೋರುವುದೂ, ವಿಶ್ವದ ಹಿಗ್ಗುವಿಕೆ ಬಲವಾಗಿ ಕುಂದುತ್ತಿರುವುದೂ ನಕ್ಷೆಯ ಮೇಲೆ ಒಂದೇ ಬಗೆಯ ಬಾಗನ್ನು ಉಂಟುಮಾಡುತ್ತವೆ. ಸ್ಯಾಂಡೇಜ್ ಈ ತೊಡಕನ್ನು ಅರಿಯದವರಲ್ಲ. ಆದರೆ ಅಂಡಾಕಾರದ ಗೆಲಕ್ಸಿಗಳಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದು ಎಂದೋ ನಿಂತುಹೋಗಿದೆ, ಅವು ಶಾಂತವಾಗಿ, ಬಹಳ ನಿಧಾನವಾಗಿ ಮುಪ್ಪಾಗುತ್ತಿವೆ, ಆದುದರಿಂದ ಈ ತಿದ್ದುಪಡಿ ಅಲ್ಪವಾದದ್ದೆಂಬುದು ಅವರ ಅಭಿಪ್ರಾಯವಾಗಿತ್ತು.

ಅದು ಅಲ್ಪವಲ್ಲವೆಂದು ಹೇಳಿದ ಟಿನ್ಸ್‌ಲಿ 1941ರ ಜನವರಿ 27ರಂದು ಇಂಗ್ಲೆಂಡಿನ ಚೆಸ್ಟರಿನಲ್ಲಿ ಹುಟ್ಟಿ, ನ್ಯೂಜಿಲೆಂಡಿನಲ್ಲಿ ಬೆಳೆದವರು. ಕ್ರೈಸ್ಟ್‌ಚರ್ಚಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನವನ್ನು ಓದಿ, ಭೌತವಿಜ್ಞಾನಿಯೊಬ್ಬರನ್ನೇ ವಿವಾಹವಾಗಿ, 1963ರಲ್ಲಿ ಪತಿಯ ಉದ್ಯೋಗದ ನಿಮಿತ್ತ ಅಮೆರಿಕದ ಡಲ್ಲಾಸಿಗೆ ಬಂದರು. ಆ ಊರಿನಲ್ಲಿ ಅವರ ಮನಸ್ಸಿಗೊಪ್ಪುವ ಅಧ್ಯಯನಕ್ಕೆ ಅವಕಾಶವಿಲ್ಲದ್ದರಿಂದ ಸುಮಾರು 300 ಕಿಲೋಮೀಟರ್ ದೂರದ ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯವನ್ನು ಸೇರಿ, ಮನೆಯನ್ನೂ ಪಾಠವನ್ನೂ ಎರಡು ಊರುಗಳಲ್ಲಿ ನಿಭಾಯಿಸುತ್ತ, 1966ರಲ್ಲಿ ಡಾಕ್ಟರೇಟ್ ಪ್ರಬಂಧವನ್ನು ಪೂರೈಸಿದರು. ಗೆಲಕ್ಸಿಗಳ ವಿಕಾಸವೂ ವಿಶ್ವವಿಜ್ಞಾನಕ್ಕೆ ಅದರಿಂದ ಒದಗುವ ಅರ್ಥವೂ ಆ ಪ್ರಬಂಧದ ವಿಷಯ. ಆಗ ಅವರಿಗೆ ಇಪ್ಪತ್ತೈದು ವರ್ಷ. ಅವರ ಬಳಿ ದೊಡ್ಡ ದೂರದರ್ಶಕವಿರಲಿಲ್ಲ. ಸರಿಯಾದ ಹುದ್ದೆಯೂ ಮುಂದೆ ಎಷ್ಟೋ ವರ್ಷ ದೊರೆಯಲಿಲ್ಲ. ಇದ್ದದ್ದು ಇತರರು ಸಂಗ್ರಹಿಸಿದ್ದ ನಕ್ಷತ್ರಗಳ ಜ್ಞಾನ, ಒಂದು ಗಣಕಯಂತ್ರ, ಮತ್ತು ಚದರಿ ಬಿದ್ದಿದ್ದ ಆ ಜ್ಞಾನವನ್ನೆಲ್ಲ ಒಂದೆಡೆ ಹೊಂದಿಸಬಲ್ಲ ಅಸಾಧಾರಣ ಬುದ್ಧಿ.

ಅವರು ಮಾಡಿದ ಲೆಕ್ಕದ ಕ್ರಮವನ್ನು ಸ್ವಲ್ಪ ಸಾವಧಾನವಾಗಿ ನೋಡುವುದು ಒಳಿತು. ಇಂದಿಗೂ ಈ ಕ್ಷೇತ್ರದ ಕೆಲಸವೆಲ್ಲ ನಡೆಯುತ್ತಿರುವುದು ಮೂಲತಃ ಅದೇ ಜಾಡಿನಲ್ಲಿ. ಗೆಲಕ್ಸಿಯೆಂದರೆ ಮೊದಲು ಕೇವಲ ಅನಿಲರಾಶಿ, ಜಲಜನಕ ಮತ್ತು ಹೀಲಿಯಮ್‌ಗಳ ಮೇಘ. ಅದರಲ್ಲಿ ಒಂದಂಶ ಗಟ್ಟಿಗೊಂಡು ನಕ್ಷತ್ರಗಳಾಗುತ್ತದೆ. ಹುಟ್ಟುವ ನಕ್ಷತ್ರಗಳಲ್ಲಿ ಭಾರವಾದವು ವಿರಳ, ಹಗುರವಾದವು ಹೇರಳ. ಯಾವ ತೂಕದವು ಎಷ್ಟು ಎಂಬ ಹಂಚಿಕೆಯನ್ನು ಎಡ್ವಿನ್ ಸಾಲ್‌ಪೀಟರ್ 1955ರಲ್ಲಿಯೇ ಸೂರ್ಯನ ನೆರೆಹೊರೆಯ ನಕ್ಷತ್ರಗಳಿಂದ ಕಂಡುಹಿಡಿದಿದ್ದರು. ನಕ್ಷತ್ರಕ್ಕೆ ತೂಕವೇ ಆಯುಸ್ಸು. ಸೂರ್ಯನ ಆಯುಸ್ಸು ಸುಮಾರು 1000 ಕೋಟಿ ವರ್ಷವಾದರೆ, ಅದರ ಹತ್ತರಷ್ಟು ದ್ರವ್ಯವುಳ್ಳ ನಕ್ಷತ್ರ ಎರಡು ಮೂರು ಕೋಟಿ ವರ್ಷಗಳಲ್ಲಿಯೇ ತನ್ನ ಇಂಧನವನ್ನೆಲ್ಲ ವ್ಯಯಿಸಿ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಬದುಕಿರುವಷ್ಟು ಕಾಲ ಅದು ನೀಲವರ್ಣದ ಪ್ರಖರ ಕಾಂತಿಯಿಂದ ಉರಿಯುತ್ತದೆ, ಸತ್ತಾಗ ಆಮ್ಲಜನಕವೇ ಮೊದಲಾದ ಭಾರಧಾತುಗಳನ್ನು ಸುತ್ತಣ ಅನಿಲಕ್ಕೆ ಚೆಲ್ಲುತ್ತದೆ. ಆ ಅನಿಲದಿಂದ ಮುಂದಿನ ಪೀಳಿಗೆಯ ನಕ್ಷತ್ರಗಳು ಹುಟ್ಟುವಾಗ ಅವುಗಳಲ್ಲಿ ಈ ಧಾತುಗಳೂ ಬೆರೆತಿರುತ್ತವೆ. ಸೂರ್ಯನಂಥ ನಕ್ಷತ್ರ ತನ್ನ ಕೊನೆಗಾಲದಲ್ಲಿ ಉಬ್ಬಿ ಕೆಂಪು ದೈತ್ಯವಾಗಿ, ಸ್ವಲ್ಪ ಕಾಲ ತನ್ನ ಹಿಂದಿನ ಕಾಂತಿಯ ನೂರಾರು ಪಟ್ಟು ಬೆಳಗಿ, ಹೊರಪದರಗಳನ್ನು ಕಳಚಿ, ಶ್ವೇತಕುಬ್ಜವಾಗಿ ಆರುತ್ತದೆ.

ಇವೆಲ್ಲ ಬಿಡಿಬಿಡಿಯಾಗಿ ಗೊತ್ತಿದ್ದ ಸಂಗತಿಗಳೇ. ಟಿನ್ಸ್‌ಲಿ ಮಾಡಿದ್ದು ಯಾವುದೆಂದರೆ, ಒಂದು ಇಡಿಯ ಗೆಲಕ್ಸಿಗೆ ಜನನ ಮರಣಗಳ ದಫ್ತರವನ್ನು ತೆರೆದದ್ದು. ಕಾಲವನ್ನು ಮೆಟ್ಟಿಲುಗಳಾಗಿ ವಿಭಾಗಿಸಿ, ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ಎಷ್ಟು ಅನಿಲ ನಕ್ಷತ್ರಗಳಾಯಿತು, ಅವುಗಳಲ್ಲಿ ಯಾವ ತೂಕದವು ಎಷ್ಟು, ಹಿಂದಿನ ಮೆಟ್ಟಿಲುಗಳಲ್ಲಿ ಹುಟ್ಟಿದವುಗಳಲ್ಲಿ ಎಷ್ಟು ಕೆಂಪು ದೈತ್ಯಗಳಾಗಿವೆ, ಎಷ್ಟು ಸತ್ತಿವೆ, ಸತ್ತವು ಎಷ್ಟು ಅನಿಲವನ್ನು ಹಿಂದಿರುಗಿಸಿದುವು, ಆ ಅನಿಲದಲ್ಲಿ ಭಾರಧಾತುಗಳ ಪಾಲೆಷ್ಟು ಎಂದು ಬರೆದುಕೊಂಡು, ಬದುಕಿರುವ ನಕ್ಷತ್ರಗಳ ಬೆಳಕನ್ನೆಲ್ಲ ಬಣ್ಣಬಣ್ಣವಾಗಿ ಕೂಡಿಸಿದರೆ, ಆ ವಯಸ್ಸಿನಲ್ಲಿ ಆ ಗೆಲಕ್ಸಿ ದೂರದಿಂದ ಹೇಗೆ ಕಾಣಬೇಕೆಂಬುದು ಸಿದ್ಧಿಸುತ್ತದೆ. ನಕ್ಷತ್ರ, ಅನಿಲ, ಧಾತು, ಕಾಂತಿ, ವರ್ಣ ಇವಿಷ್ಟನ್ನೂ ಒಂದೇ ಗಣಿತದಲ್ಲಿ, ಒಂದು ಇನ್ನೊಂದನ್ನು ತಿದ್ದುತ್ತಿರುವಂತೆ, ಮುಂದಕ್ಕೆ ನಡೆಯಿಸಿದವರು ಅವರಿಗಿಂತ ಮೊದಲು ಇರಲಿಲ್ಲ. 1968ರಲ್ಲಿ ಪ್ರಕಟವಾದ ಅವರ ಲೇಖನದ ಫಲಿತಾಂಶಗಳಲ್ಲಿ ಒಂದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ: ಅಂಡಾಕಾರದ ಕೆಂಪು ಗೆಲಕ್ಸಿಗಳಿಗೂ ಸುರುಳಿಯಾಕಾರದ ನೀಲಿ ಗೆಲಕ್ಸಿಗಳಿಗೂ ವಯಸ್ಸಿನಲ್ಲಿ ಅಂತರವಿರಬೇಕಾಗಿಲ್ಲ, ಎರಡೂ ಸಮವಯಸ್ಕರಾಗಿದ್ದು, ಮೊದಲನೆಯವು ತಮ್ಮ ಅನಿಲವನ್ನೆಲ್ಲ ಬೇಗನೆ ನಕ್ಷತ್ರಗಳಾಗಿಸಿಬಿಟ್ಟವು, ಎರಡನೆಯವು ಇನ್ನೂ ಮಿತವಾಗಿ ವ್ಯಯಿಸುತ್ತಿರುವವು ಎಂದು ತಿಳಿದರೆ ಸಾಕು. ಕಣ್ಣಿಗೆ ಅಷ್ಟು ಬೇರೆಯಾಗಿ ತೋರುವ ಆಕಾರಗಳ ಹಿಂದೆ ವ್ಯಯದ ವೇಗವೊಂದೇ ಭೇದಕಾರಣವಾಗಿ ನಿಲ್ಲುವುದು ಈ ಶಾಸ್ತ್ರದಲ್ಲಿ ಮತ್ತೆ ಮತ್ತೆ ಸಂತೋಷವನ್ನುಂಟುಮಾಡುವ ವಿಷಯ.

ಸ್ಯಾಂಡೇಜರ ಗೆಲಕ್ಸಿಗಳಿಗೆ ಇದರಿಂದ ಏನಾಯಿತು? ಹೊಸ ನಕ್ಷತ್ರಗಳು ಹುಟ್ಟದಿದ್ದರೂ ಅಂಡಾಕಾರದ ಗೆಲಕ್ಸಿ ಸ್ಥಿರವಾಗಿರದು. ಅದರ ಬೆಳಕಿನಲ್ಲಿ ಬಹುಪಾಲು ಕೆಂಪು ದೈತ್ಯಗಳದು. ಯೌವನ ಮುಗಿದ ನಕ್ಷತ್ರಗಳು ಒಂದರ ಹಿಂದೊಂದು ಆ ದಶೆಗೆ ಬಂದು ಸೇರುತ್ತಿರುವುದರಿಂದಲೇ ಆ ಬೆಳಕು ಉಳಿದಿರುತ್ತದೆ. ಕಾಲ ಕಳೆದಂತೆ ಹಗುರವಾದ, ನಿಧಾನವಾಗಿ ಬದುಕುವ ನಕ್ಷತ್ರಗಳ ಸರದಿ ಬರುವುದರಿಂದ ಹಾಗೆ ಸೇರುವವುಗಳ ಸಂಖ್ಯೆ ಇಳಿಮುಖವಾಗುತ್ತದೆ, ಗೆಲಕ್ಸಿ ಮಂಕಾಗುತ್ತದೆ. ಈ ಮಂಕು 100 ಕೋಟಿ ವರ್ಷಕ್ಕೆ ಶೇಕಡಾ ಕೆಲವಷ್ಟೇ ಆದರೂ, ವಿಶ್ವ ಮತ್ತೆ ಕುಸಿಯುವುದೆಂಬ ತೀರ್ಪನ್ನು ಕುಸಿಯದೆಂದು ತಿರುಗಿಸಲು ಅಷ್ಟೇ ಸಾಕಾಗಿತ್ತು. ಪಲೋಮಾರಿನ ಮೂಲ ಅಂಕಿಗಳಿಂದ ವಿಶ್ವ ಸಾಂತವೆಂಬ ಸೂಚನೆ ಬಂದಿದ್ದರೆ, ಟಿನ್ಸ್‌ಲಿಯವರ ತಿದ್ದುಪಡಿಯನ್ನು ಸೇರಿಸಿದೊಡನೆಯೇ ಆ ಸೂಚನೆಯ ಬಲವೆಲ್ಲ ಕರಗಿತು. ದಶಕಗಳ ಪರಿಶ್ರಮದ ಫಲವನ್ನು ಯುವ ಸಂಶೋಧಕಿಯೊಬ್ಬರ ಗಣಕಯಂತ್ರದ ಲೆಕ್ಕ ಅಲುಗಾಡಿಸುವುದನ್ನು ಸ್ಯಾಂಡೇಜ್ ಸುಲಭವಾಗಿ ಒಪ್ಪಲಿಲ್ಲ. 1970ರ ದಶಕದ ಮೊದಲ ವರ್ಷಗಳಲ್ಲಿ ಇಬ್ಬರ ನಡುವೆ ನಡೆದ ವಾದ ತೀಕ್ಷ್ಣವಾಗಿಯೇ ಇತ್ತು.

ಆ ವಾದದ ಒಂದು ಎಳೆಯನ್ನು ಇಲ್ಲಿ ಹಿಡಿದು ತೋರಿಸುತ್ತೇನೆ. ಅಂಡಾಕಾರದ ಗೆಲಕ್ಸಿಯ ಬೆಳಕು ನಿಜವಾಗಿಯೂ ಕೆಂಪು ದೈತ್ಯಗಳಿಂದ ಬರುತ್ತದೆಯೆ, ಅಥವಾ ಅಸಂಖ್ಯಾತವಾದ, ಹಗುರವಾದ ಕೆಂಪು ಕುಬ್ಜಗಳಿಂದಲೆ? ಕುಬ್ಜಗಳಿಂದಾದರೆ, ಅವು ಸಾವಿರಾರು ಕೋಟಿ ವರ್ಷ ಏಕರೀತಿಯಾಗಿ ಉರಿಯುವುದರಿಂದ, ಗೆಲಕ್ಸಿ ಮಂಕಾಗುವುದು ಬಹಳ ನಿಧಾನವಾಗುತ್ತದೆ. ದೈತ್ಯಗಳಿಂದಾದರೆ ಟಿನ್ಸ್‌ಲಿಯವರ ಲೆಕ್ಕ ನಿಲ್ಲುತ್ತದೆ. ಬಣ್ಣದಿಂದ ಎರಡನ್ನೂ ಬೇರ್ಪಡಿಸುವುದು ದುಷ್ಕರ, ಎರಡೂ ಕೆಂಪೇ. ನಿರ್ಣಯ ಬಂದದ್ದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದ. ಇಂಗಾಲದ ಮಾನಾಕ್ಸೈಡಿನ ಅಣುಗಳು ಆ ಬೆಳಕಿನಲ್ಲಿ ಒಂದು ನಿರ್ದಿಷ್ಟ ಪಟ್ಟೆಯನ್ನು ಹೀರಿಕೊಳ್ಳುತ್ತವೆ. ದೈತ್ಯಗಳ ವಿರಳವಾದ ವಾತಾವರಣದಲ್ಲಿ ಆ ಪಟ್ಟೆ ದಟ್ಟ, ಕುಬ್ಜಗಳ ಸಾಂದ್ರವಾದ ವಾತಾವರಣದಲ್ಲಿ ತೆಳು. ಅಂಡಾಕಾರದ ಗೆಲಕ್ಸಿಗಳನ್ನು ಹಾಗೆ ಪರೀಕ್ಷಿಸಿದಾಗ ಪಟ್ಟೆ ದಟ್ಟವಾಗಿಯೇ ಕಂಡಿತು. ಬೆಳಕು ದೈತ್ಯಗಳದೇ. ಯಾವುದೋ ಅಣುವಿನ ಕಂಪನದಿಂದ ವಿಶ್ವದ ಗತಿಯನ್ನು ಕುರಿತ ವ್ಯಾಜ್ಯವೊಂದು ಇತ್ಯರ್ಥದ ಕಡೆಗೆ ಸರಿಯುವುದು ಭೌತವಿಜ್ಞಾನದ ಅಖಂಡತೆಗೆ ನಿದರ್ಶನ.

ಇದೇ ಹೊತ್ತಿಗೆ ಪ್ರತಿದಿಶೆಯ ತೊಡಕೊಂದು ತಲೆಯೆತ್ತಿತ್ತು. ಗುಂಪಿನ ನಡುವೆ ಕುಳಿತ ದೈತ್ಯ ಗೆಲಕ್ಸಿ ಸಣ್ಣ ನೆರೆಯ ಗೆಲಕ್ಸಿಗಳನ್ನು ಗುರುತ್ವಬಲದಿಂದ ಸೆಳೆದು ನುಂಗಿ, ಕಾಲಕ್ರಮದಲ್ಲಿ ಹೆಚ್ಚು ಉಜ್ಜ್ವಲವಾಗಬಹುದೆಂದು ಜೆರಿಮಯಾ ಆಸ್ಟ್ರೈಕರ್ ಮತ್ತು ಸ್ಕಾಟ್ ಟ್ರೆಮೈನ್ 1975ರಲ್ಲಿ ತೋರಿಸಿದರು. ಮುಪ್ಪಿನಿಂದ ಮಂಕಾಗುವುದು ಒಂದು ಕಡೆ, ನುಂಗಿ ಬೆಳೆಯುವುದು ಇನ್ನೊಂದು ಕಡೆ; ಗೆಲಕ್ಸಿಗಳ ಕಾಂತಿಯನ್ನು ನೆಚ್ಚಿ ವಿಶ್ವದ ಭವಿಷ್ಯವನ್ನು ಹೇಳುವ ಆಸೆ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಆದರೂ ಅದೇ ವರ್ಷ ಜೇಮ್ಸ್ ಗನ್ ಮತ್ತು ಟಿನ್ಸ್‌ಲಿ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಕಿರುಲೇಖನವನ್ನು ಪ್ರಕಟಿಸಿದರು. ತಿದ್ದುಪಡಿಗಳ ಅನಂತರ ದೊರೆತ ಅಂಕಿಗಳನ್ನು, ವಿಶ್ವದ ವಯಸ್ಸು, ದ್ರವ್ಯಸಾಂದ್ರತೆ ಮೊದಲಾದ ಇತರ ಪ್ರಮಾಣಗಳೊಡನೆ ಹೊಂದಿಸಿ ನೋಡಿದರೆ, ಹಿಗ್ಗುವಿಕೆ ಕುಂದುತ್ತಿರುವುದರ ಬದಲು ಹೆಚ್ಚುತ್ತಲೇ ಇರಬಹುದೆಂದು ಅವರು ಅದರಲ್ಲಿ ವಾದಿಸಿದ್ದರು. ಈ ಪ್ರಮಾಣಗಳು ದುರ್ಬಲವೆಂಬುದನ್ನು ಅವರೇ ಬಲ್ಲರು, ವಾದವೂ ಹೆಚ್ಚು ಜನರನ್ನು ಒಲಿಸಲಿಲ್ಲ. ಹಿಗ್ಗುವಿಕೆಯ ವೇಗ ನಿಜವಾಗಿಯೂ ಹೆಚ್ಚುತ್ತಿದೆಯೆಂಬುದನ್ನು ಸೂಪರ್‌ನೋವಾಗಳ ಆಧಾರದಿಂದ ಎರಡು ತಂಡಗಳು ಘೋಷಿಸಿದ್ದು 1998ರಲ್ಲಿ.

ಹೀಗೆ, ಅಳತೆಗೋಲಿನ ದೋಷವೆಂದು ನಿವಾರಿಸಬೇಕಾಗಿದ್ದ ಗೆಲಕ್ಸಿಗಳ ವಿಕಾಸವೇ ಮುಖ್ಯ ಶಾಸ್ತ್ರವಾಗಿ ಪರಿಣಮಿಸಿತು. ವಿಶ್ವದ ಗತಿಗಾಗಿ ಗೆಲಕ್ಸಿಯನ್ನು ನೋಡುತ್ತಿದ್ದವರು ಗೆಲಕ್ಸಿಗಾಗಿಯೇ ಗೆಲಕ್ಸಿಯನ್ನು ನೋಡತೊಡಗಿದರು. ಟಿನ್ಸ್‌ಲಿಯವರ ಹಿರಿಮೆ ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿದೆಯೆಂಬುದು ನನ್ನ ದೃಢವಾದ ನಂಬಿಕೆ. 1974ರಲ್ಲಿ ಅವರಿಗೆ ಆನಿ ಜಂಪ್ ಕ್ಯಾನನ್ ಪ್ರಶಸ್ತಿ ಸಂದಿತು. ಅಷ್ಟಾದರೂ ಡಲ್ಲಾಸಿನಲ್ಲಿ ಅವರ ಯೋಗ್ಯತೆಗೆ ತಕ್ಕ ಸ್ಥಾನ ದೊರೆಯದೆ, ದಾಂಪತ್ಯವೂ ಮುರಿದು, ದತ್ತು ಪಡೆದ ಇಬ್ಬರು ಮಕ್ಕಳನ್ನು ಅಗಲುವ ದುಃಖವನ್ನು ನುಂಗಿಕೊಂಡು ಅವರು 1975ರಲ್ಲಿ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. 1978ರಲ್ಲಿ ಅಲ್ಲಿ ಖಗೋಳವಿಜ್ಞಾನದ ಪ್ರೊಫೆಸರ್ ಆದರು. ಆ ಪದವಿಗೆ ಅಲ್ಲಿ ಏರಿದ ಮೊದಲ ಮಹಿಳೆ ಅವರೇ.

ಯೇಲ್‌ನಲ್ಲಿ ರಿಚರ್ಡ್ ಲಾರ್ಸನ್ ಅವರೊಡನೆ ಮಾಡಿದ ಒಂದು ಕೆಲಸವನ್ನು ಹೇಳದೆ ಮುಂದುವರಿಯಲಾಗದು. ಹಾಲ್ಟನ್ ಆರ್ಪ್ ಎಂಬುವರು 1966ರಲ್ಲಿ ವಿಚಿತ್ರರೂಪದ ಗೆಲಕ್ಸಿಗಳ ಚಿತ್ರಸಂಪುಟವನ್ನು ಹೊರತಂದಿದ್ದರು: ಬಾಲ ಬೆಳೆದವು, ಸೇತುವೆಯಿಂದ ಜೊತೆಗೂಡಿದವು, ಮೈ ತಿರುಚಿದವು, ಹೀಗೆ 338 ಚಿತ್ರಗಳು. ಸಾಮಾನ್ಯ ಗೆಲಕ್ಸಿಗಳ ಬಣ್ಣಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಅವು ಒಂದು ಕಿರಿದಾದ ಪಟ್ಟಿಯಲ್ಲಿ ಶಿಸ್ತಾಗಿ ಕೂರುತ್ತವೆ. ಆರ್ಪ್ ಸಂಪುಟದವು ಹಾಗಲ್ಲದೆ ದಿಕ್ಕಾಪಾಲಾಗಿ ಚದರುತ್ತವೆ. ಈ ಚದುರುವಿಕೆಯನ್ನು ಲಾರ್ಸನ್ ಮತ್ತು ಟಿನ್ಸ್‌ಲಿ 1978ರಲ್ಲಿ ವಿವರಿಸಿದರು. ಗೆಲಕ್ಸಿಗಳು ಒಂದನ್ನೊಂದು ಹಾದುಹೋಗುವಾಗ ಅಥವಾ ಘರ್ಷಿಸುವಾಗ ಅನಿಲ ಕಲಕಿ, ಒತ್ತಡಗೊಂಡು, ಎರಡು ಕೋಟಿ ವರ್ಷದಷ್ಟು ಅಲ್ಪಕಾಲದಲ್ಲಿ, ಕೆಲವೊಮ್ಮೆ ಗೆಲಕ್ಸಿಯ ಒಟ್ಟು ದ್ರವ್ಯದ ಶೇಕಡಾ 5ರಷ್ಟು ನಕ್ಷತ್ರಗಳಾಗಿ ಸ್ಫೋಟಿಸುತ್ತದೆ. ಆ ಸ್ಫೋಟ ಆಗಷ್ಟೇ ಆಗಿದ್ದರೆ ಗೆಲಕ್ಸಿ ನೀಲಿ, ಸ್ವಲ್ಪ ಕಾಲ ಕಳೆದಿದ್ದರೆ ಮತ್ತೊಂದು ಬಣ್ಣ. ಗೆಲಕ್ಸಿಯ ಜೀವನ ಒಳಗಿನ ವ್ಯಯದಿಂದ ಮಾತ್ರವೇ ಅಲ್ಲ, ನೆರೆಯ ಸಂಗದಿಂದಲೂ ನಿಯತವಾಗುತ್ತದೆಂಬ ಇಂದಿನ ತಿಳಿವಳಿಕೆಗೆ ಈ ಲೇಖನ ಒಂದು ಮೂಲ. ಅದೇ ವರ್ಷ ಹಾರ್ವಿ ಬುಚರ್ ಮತ್ತು ಆಗಸ್ಟಸ್ ಓಮ್ಲರ್ ಬೆಳಕು 400 ಕೋಟಿ ವರ್ಷಗಳಿಗೂ ಹಿಂದೆ ಹೊರಟ ಎರಡು ಗುಂಪುಗಳನ್ನು ಪರೀಕ್ಷಿಸಿ, ಇಂದಿನ ಅಂಥ ಗುಂಪುಗಳಲ್ಲಿ ಬಹುಪಾಲು ಕೆಂಪು ಗೆಲಕ್ಸಿಗಳೇ ಇದ್ದರೂ, ಅಂದು ನೀಲಿಯವು ಗಣನೀಯವಾಗಿದ್ದವೆಂದು ಪ್ರಕಟಿಸಿದರು. ಲೆಕ್ಕದಲ್ಲಿ ಮಾತ್ರ ಇದ್ದ ವಿಕಾಸ ಕಣ್ಣಿಗೆ ಕಾಣಿಸಿತು.

1978ರಲ್ಲಿಯೇ ಟಿನ್ಸ್‌ಲಿಯವರಿಗೆ ಚರ್ಮದ ಕ್ಯಾನ್ಸರ್ ಇದೆಯೆಂದು ತಿಳಿಯಿತು. ರೋಗ ಮಿದುಳಿಗೆ ಹರಡಿ ಬಲಗೈ ಸ್ವಾಧೀನ ತಪ್ಪಿದಾಗ ಅವರು ಎಡಗೈಯಿಂದ ಬರೆಯುವುದನ್ನು ಅಭ್ಯಾಸಮಾಡಿಕೊಂಡು, ಆಸ್ಪತ್ರೆಯ ಹಾಸಿಗೆಯಿಂದಲೇ ಕೊನೆಯ ಲೇಖನವನ್ನು ಮುಗಿಸಿ ಪತ್ರಿಕೆಗೆ ಕಳುಹಿಸಿದರು. ಕೆಲವೇ ದಿನಗಳಲ್ಲಿ, 1981ರ ಮಾರ್ಚ್ 23ರಂದು, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಲೇಖನ ಆ ವರ್ಷದ ಕೊನೆಯ ಭಾಗದಲ್ಲಿ ಪ್ರಕಟವಾಯಿತು.

ಅವರು ಕಾಣದೆ ಹೋದ ಆಕಾಶವನ್ನು ಇತರರು ಕಂಡರು. 1995ರ ಡಿಸೆಂಬರಿನಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕವನ್ನು ಸಪ್ತರ್ಷಿಮಂಡಲದ ಕಡೆಯ, ಬರಿದೆಂದು ತೋರುವ ಒಂದು ಚಿಕ್ಕ ಎಡೆಯತ್ತ ಹತ್ತು ದಿನ ತಿರುಗಿಸಿ ಇಟ್ಟು 342 ಚಿತ್ರಗಳನ್ನು ತೆಗೆದಾಗ, ಅಷ್ಟರಲ್ಲಿಯೇ ಸುಮಾರು 3000 ಗೆಲಕ್ಸಿಗಳು ಮೂಡಿದವು. ದೂರದವು ಹತ್ತಿರದವುಗಳಂತೆ ನಿಯತಾಕಾರವಾಗಿರದೆ, ಸಣ್ಣವಾಗಿ, ನೀಲಿಯಾಗಿ, ಹರಕು ಮುರುಕಾಗಿದ್ದವು. ಇಂಥ ಅವಲೋಕನಗಳಿಂದ, ವಿಶ್ವದಲ್ಲಿ ನಕ್ಷತ್ರಗಳ ಜನನ ಅತ್ಯಂತ ಭರದಿಂದ ನಡೆದದ್ದು ಸುಮಾರು 1000 ಕೋಟಿ ವರ್ಷಗಳ ಹಿಂದೆ, ಅಲ್ಲಿಂದೀಚೆಗೆ ಅದು ಸತತವಾಗಿ ಇಳಿದಿದೆಯೆಂಬುದು ಸ್ಥಾಪಿತವಾಯಿತು. 2021ರ ಡಿಸೆಂಬರ್ 25ರಂದು ಉಡಾವಣೆಗೊಂಡ, ಆರೂವರೆ ಮೀಟರ್ ದರ್ಪಣದ ಜೇಮ್ಸ್ ವೆಬ್ ದೂರದರ್ಶಕ ಇನ್ನೂ ಹಿಂದಕ್ಕೆ ನೋಡಿ, ಮಹಾಸ್ಫೋಟದಿಂದ 30 ಕೋಟಿ ವರ್ಷವೂ ಕಳೆಯುವ ಮೊದಲು ಬೆಳಗುತ್ತಿದ್ದ ಗೆಲಕ್ಸಿಯೊಂದನ್ನು 2024ರಲ್ಲಿ ಬೆಳಕಿಗೆ ತಂದಿತು. ಚಿಲಿಯ ಮರುಭೂಮಿಯ ಆಲ್ಮಾ ರೇಡಿಯೊ ದೂರದರ್ಶಕಗಳು ಅದರಲ್ಲಿ ಆಮ್ಲಜನಕದ ರೇಖೆಯನ್ನು ಗುರುತಿಸಿದವು. ಆಮ್ಲಜನಕವಿರಬೇಕಾದರೆ ಅದಕ್ಕೆ ಮೊದಲೇ ಭಾರವಾದ ನಕ್ಷತ್ರಗಳು ಹುಟ್ಟಿ, ಉರಿದು, ಸತ್ತಿರಬೇಕು. ಅಷ್ಟು ಎಳೆಯ ಗೆಲಕ್ಸಿಯಲ್ಲಿಯೂ ಒಂದು ಪೀಳಿಗೆ ಆಗಲೇ ಕಳೆದಿತ್ತು.

ಈ ಆದಿಕಾಲದ ಗೆಲಕ್ಸಿಗಳು ನಿರೀಕ್ಷೆಗಿಂತ ಹೆಚ್ಚು ಉಜ್ಜ್ವಲವಾಗಿರುವುದು ಈಗಿನ ದೊಡ್ಡ ಸಮಸ್ಯೆ. ಅವುಗಳಲ್ಲಿ ನಕ್ಷತ್ರಜನನ ಸಮವಾಗಿ ನಡೆಯದೆ, ಲಾರ್ಸನ್ ಮತ್ತು ಟಿನ್ಸ್‌ಲಿ ವರ್ಣಿಸಿದಂತೆ ಸ್ಫೋಟ ಸ್ಫೋಟವಾಗಿ ನಡೆದು, ನಾವು ಆ ಸ್ಫೋಟಗಳ ಕ್ಷಣದಲ್ಲಿಯೇ ಹೆಚ್ಚಾಗಿ ಅವುಗಳನ್ನು ಹಿಡಿಯುತ್ತಿದ್ದೇವೆಂಬುದು ಒಂದು ಪಕ್ಷ. ಅಂದಿನ ನಕ್ಷತ್ರಗಳ ತೂಕದ ಹಂಚಿಕೆಯೇ ಬೇರೆಯಾಗಿದ್ದು, ಭಾರವಾದವು ಇಂದಿಗಿಂತ ಹೆಚ್ಚಾಗಿ ಹುಟ್ಟುತ್ತಿದ್ದವೆಂಬುದು ಇನ್ನೊಂದು. ಕಾಂತಿಯೊಂದರಿಂದಲೇ ಇವನ್ನು ಬೇರ್ಪಡಿಸಲಾಗದು, ಸತ್ತ ನಕ್ಷತ್ರಗಳು ಬಿಟ್ಟುಹೋದ ಧಾತುಗಳನ್ನು ಕೇಳಬೇಕು. ಸಪ್ತರ್ಷಿಮಂಡಲದ ದಿಕ್ಕಿನಲ್ಲಿಯೇ ಇರುವ ಜಿಎನ್-ಝಡ್11 ಎಂಬ ಗೆಲಕ್ಸಿಯ ರೋಹಿತದಲ್ಲಿ 2023ರಲ್ಲಿ ಸಾರಜನಕ ಅನಿರೀಕ್ಷಿತವಾದಷ್ಟು ಪ್ರಬಲವಾಗಿ ಕಾಣಿಸಿಕೊಂಡಿತು. ಮಹಾಸ್ಫೋಟದಿಂದ ಸುಮಾರು 43 ಕೋಟಿ ವರ್ಷಗಳಷ್ಟರಲ್ಲಿ ಅಷ್ಟು ಸಾರಜನಕವನ್ನು ತಯಾರಿಸಬಲ್ಲ ನಕ್ಷತ್ರಗಳು ಎಷ್ಟು ತೂಕದವಾಗಿದ್ದಿರಬೇಕೆಂಬ ಲೆಕ್ಕದಲ್ಲಿ ಈಗ ಅನೇಕ ಸಂಶೋಧಕರು ತೊಡಗಿದ್ದಾರೆ.